ಬಾಗಿಲು ಮುಚ್ಚಿದ ಕೈಯೊಂದೇ ಹೊಣೆಯೆ?

ವಿಮಾನ ದುರಂತವೊಂದು ಸಂಭವಿಸಿದ ಗಳಿಗೆಯಿಂದಲೇ ನಮ್ಮ ನಡುವೆ ಏಳುವ ಮೊದಲ ಪ್ರಶ್ನೆ, ‘ತಪ್ಪು ಯಾರದು?’ ಎಂಬುದು. ‘ಹೀಗೇಕಾಯಿತು?’ ಎಂಬ ಪ್ರಶ್ನೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಮೊದಲ ಪ್ರಶ್ನೆಗೆ ಉತ್ತರವಾಗಿ ಒಂದು ಹೆಸರು ಸಿಕ್ಕಿಬಿಟ್ಟರಂತೂ ಎರಡನೆಯದರ ಉತ್ತರಕ್ಕೆ ಕಾಯುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಹಾಗೆ ಸಿಗುವ ಹೆಸರು ಬಹುಮಟ್ಟಿಗೆ, ಕೆಟ್ಟುಹೋದ ವಸ್ತುವನ್ನು ಕಟ್ಟಕಡೆಗೆ ಮುಟ್ಟಿದವನದು. ರೈಲು ಹಳಿ ತಪ್ಪಿದರೆ ಪಾಯಿಂಟ್ಸ್‌ಮನ್, ಬಸ್ಸು ಉರುಳಿದರೆ ಚಾಲಕ, ವಿಮಾನದ ಬಾಗಿಲು ಕಳಚಿದರೆ ಅದನ್ನು ಮುಚ್ಚಿದ ಕೂಲಿಕಾರ. ಈ ಅವಸರದ ಬೆಲೆ ಎಷ್ಟೆಂಬುದನ್ನು ಅರಿಯಲು ಐವತ್ತು ವರ್ಷಕ್ಕೂ ಹಿಂದಿನ ಒಂದು ಬಾಗಿಲಿನ ಸಂಗತಿಯನ್ನು ನೆನೆಯುವುದು ಒಳಿತೆಂದು ನನಗೆ ತೋರುತ್ತದೆ.

1974ರ ಮಾರ್ಚ್ 3, ಭಾನುವಾರ. ಇಸ್ತಾಂಬುಲ್‌ನಿಂದ ಬಂದಿದ್ದ ಟರ್ಕಿಷ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಲಂಡನ್ನಿಗೆ ಹೊರಡಲು ಸಿದ್ಧವಾಗುತ್ತಿತ್ತು. ಬ್ರಿಟಿಷ್ ವಿಮಾನ ಸಂಸ್ಥೆಯೊಂದರ ಮುಷ್ಕರದಿಂದಾಗಿ ಲಂಡನ್ನಿಗೆ ಹೋಗಬೇಕಾದವರು ಅಂದು ಸಿಕ್ಕಿದ ವಿಮಾನ ಹತ್ತಲು ಕಾದಿದ್ದರು. ಹಿಂದಿನ ದಿನ ಪ್ಯಾರಿಸ್‌ನಲ್ಲಿ ರಗ್ಬಿ ಪಂದ್ಯ ನೋಡಿ ಮರಳುತ್ತಿದ್ದ ಇಂಗ್ಲೆಂಡಿನವರು, ತರಬೇತಿಗೆಂದು ಹೊರಟಿದ್ದ ಜಪಾನಿನ ಯುವಕರು ಹೀಗೆ ವಿಮಾನ ತುಂಬಿಹೋಯಿತು. ಮೇಲೇರಿದ ಸುಮಾರು ಹತ್ತು ನಿಮಿಷಕ್ಕೆ, ಹನ್ನೊಂದೂವರೆ ಸಾವಿರ ಅಡಿ ಎತ್ತರದ ಸುಮಾರಿಗೆ, ಹಿಂಭಾಗದ ಸರಕು ಕೋಣೆಯ ಬಾಗಿಲು ಕಿತ್ತುಹೋಯಿತು. ಕೆಳಗಿನ ಕೋಣೆಯ ಗಾಳಿ ಒಮ್ಮೆಲೇ ಹೊರನುಗ್ಗಿದ್ದರಿಂದ ಮೇಲಿನ ಪ್ರಯಾಣಿಕರ ಕೋಣೆಯ ನೆಲ ಕುಸಿಯಿತು. ಆರು ಮಂದಿ ಕುರ್ಚಿಗಳ ಸಮೇತ ಆಕಾಶಕ್ಕೆ ಎಸೆಯಲ್ಪಟ್ಟರು. ಬಾಲದ ರೆಕ್ಕೆಗಳನ್ನು ನಿಯಂತ್ರಿಸುವ ತಂತಿಗಳು ಆ ನೆಲದಡಿಯಲ್ಲೇ ಹಾದುಹೋಗಿದ್ದವು, ಅವೂ ತುಂಡಾದವು. ಇನ್ನು ಪೈಲಟ್‌ಗಳ ಕೈಯಲ್ಲಿ ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಒಂದೂವರೆ ನಿಮಿಷದೊಳಗೆ ವಿಮಾನ ಎರ್ಮನೋನ್‌ವಿಲ್ ಕಾಡಿಗೆ ಅಪ್ಪಳಿಸಿತು. ಅದರಲ್ಲಿದ್ದ 346 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅಲ್ಲಿಯವರೆಗಿನ ವಿಮಾನಯಾನದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ದುರಂತ ನಡೆದಿರಲಿಲ್ಲ.

ಆ ಬಾಗಿಲನ್ನು ಮುಚ್ಚಿದವನು ಅಲ್ಜೀರಿಯಾದಿಂದ ಫ್ರಾನ್ಸಿಗೆ ಬಂದಿದ್ದ ಒಬ್ಬ ಸಾಮಾನು ಏರಿಸುವ ನೌಕರ. ಅವನು ವಿಮಾನ ಸಂಸ್ಥೆಯ ನೌಕರನಲ್ಲ, ನಿಲ್ದಾಣದಲ್ಲಿ ಗುತ್ತಿಗೆಯ ಮೇಲೆ ಸೇವೆ ಒದಗಿಸುತ್ತಿದ್ದ ಕಂಪನಿಯವನು. ಬಾಗಿಲಿನ ಬಳಿ ಎಚ್ಚರಿಕೆಯ ಸೂಚನೆಗಳನ್ನು ಬರೆಯಲಾಗಿತ್ತು. ಆದರೆ ಇಂಗ್ಲಿಷಿನಲ್ಲಿ ಮತ್ತು ಟರ್ಕಿ ಭಾಷೆಯಲ್ಲಿ. ಅವನಿಗೆ ಆ ಎರಡೂ ಬರುತ್ತಿರಲಿಲ್ಲ. ದುರಂತದ ನಂತರ ಬೆರಳುಗಳು ಅವನತ್ತ ತಿರುಗಲು ತಡವಾಗಲಿಲ್ಲ. ಬೇರೆ ಭಾಷೆಗಳನ್ನು ಓದಿ ಬರೆಯಬಲ್ಲ ಆ ಮನುಷ್ಯನನ್ನು, ವಿಮಾನದ ಮೈಮೇಲಿದ್ದ ಎರಡು ಭಾಷೆ ಬಾರದೆಂಬ ಕಾರಣಕ್ಕೆ, ಅನಕ್ಷರಸ್ಥನೆಂಬಂತೆ ಚಿತ್ರಿಸಲಾಯಿತು. ಮುನ್ನೂರ ನಲವತ್ತಾರು ಸಾವುಗಳಿಗೆ ವಿವರಣೆ ಬೇಕಾಗಿತ್ತು. ಅದಕ್ಕೆ ಒಬ್ಬ ವಲಸೆ ಕಾರ್ಮಿಕ ಸಿಕ್ಕಿದ್ದ.

ಅವನು ಮಾಡಿದ್ದೇನು? ತನಗೆ ಹೇಳಿಕೊಟ್ಟಷ್ಟನ್ನು ಮಾಡಿದ. ಗುಂಡಿ ಒತ್ತಿ ಬಾಗಿಲು ಮುಚ್ಚಿದ, ಹೊರಗಿನ ಹಿಡಿಯನ್ನು ಕೆಳಗಿಳಿಸಿದ, ಅದರೊಡನೆ ಮುಚ್ಚಿಕೊಳ್ಳುವ ಸಣ್ಣ ಗಾಳಿಕಿಂಡಿ ಮುಚ್ಚಿದ್ದನ್ನು ಖಚಿತಪಡಿಸಿಕೊಂಡ. ಹಿಡಿ ಇಳಿದು ಗಾಳಿಕಿಂಡಿ ಮುಚ್ಚಿದರೆ ಬಾಗಿಲು ಭದ್ರವೆಂದೇ ಅವನಿಗೆ ಹೇಳಲಾಗಿತ್ತು. ಬಾಗಿಲಿನಲ್ಲಿ ಒಂದು ಪುಟ್ಟ ಗಾಜಿನ ಇಣುಕುಕಿಂಡಿಯೂ ಇತ್ತು. ಒಳಗಿನ ಪಿನ್ನುಗಳು ಸರಿಯಾಗಿ ಕೂತಿವೆಯೆ ಎಂದು ಅದರಲ್ಲಿ ನೋಡಬಹುದಾಗಿತ್ತು. ಅದು ಏತಕ್ಕಿದೆ ಎಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ಅದರಲ್ಲಿ ಇಣುಕಿ ನೋಡುವುದು ಅವನ ಕೆಲಸವೂ ಆಗಿರಲಿಲ್ಲ. ಅದು ವಿಮಾನ ಸಂಸ್ಥೆಯ ನೆಲದ ಎಂಜಿನಿಯರ್ ಅಥವಾ ವಿಮಾನದ ಫ್ಲೈಟ್ ಎಂಜಿನಿಯರ್ ಮಾಡಬೇಕಾದ ಕೆಲಸ. ಅಂದು ಯಾರೂ ಇಣುಕಲಿಲ್ಲ.

ಹಿಡಿ ಇಳಿದಿದ್ದರೂ ಬಾಗಿಲು ಭದ್ರವಾಗಿರಲಿಲ್ಲ ಎಂದರೇನು? ಇದನ್ನು ತಿಳಿಯಲು ಬಾಗಿಲಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ಪ್ರಯಾಣಿಕರು ಹತ್ತಿ ಇಳಿಯುವ ಬಾಗಿಲು ಬಹುತೇಕ ವಿಮಾನಗಳಲ್ಲಿ ಒಳಗಿನಿಂದ ಚೌಕಟ್ಟಿಗೆ ಬಿರಡೆಯಂತೆ ಕೂರುತ್ತದೆ. ಮೇಲೇರಿದಂತೆ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗುತ್ತದೆ. ಆ ಒತ್ತಡವೇ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಚೌಕಟ್ಟಿಗೆ ಒತ್ತಿಹಿಡಿಯುತ್ತದೆ. ಸರಕು ಬಾಗಿಲಿನ ಮಾತು ಬೇರೆ. ಅದು ಒಳಕ್ಕೆ ತೆರೆದರೆ ಸಾಮಾನು ಇಡುವ ಜಾಗ ಹಾಳಾಗುತ್ತದೆಂದು ದೊಡ್ಡ ವಿಮಾನಗಳಲ್ಲಿ ಹೊರಕ್ಕೆ ತೆರೆಯುವಂತೆ ಮಾಡಿದರು. ಆಗ ಒಳಗಿನ ಒತ್ತಡ ಬಾಗಿಲನ್ನು ಹೊರಕ್ಕೆ ದೂಡುತ್ತದೆ. ಪೂರ್ಣ ಎತ್ತರದಲ್ಲಿ ಹಾರುವಾಗ ಆ ದೂಡುವ ಬಲ ಪ್ರತಿ ಚದರ ಮೀಟರಿಗೆ ಸುಮಾರು ಐದೂವರೆ ಟನ್ ಆಗಬಲ್ಲದು. ಅಷ್ಟು ಭಾರವನ್ನು ತಡೆದು ನಿಲ್ಲಬೇಕಾದವು ಬಾಗಿಲಿನ ಕೊಂಡಿಗಳು ಮಾತ್ರ.

ಡಿಸಿ-10ರಲ್ಲಿ ಆ ಕೊಂಡಿಗಳನ್ನು ವಿದ್ಯುತ್ ಮೋಟಾರು ತಿರುಗಿಸಿ ಚೌಕಟ್ಟಿಗೆ ಸಿಕ್ಕಿಸುತ್ತಿತ್ತು. ಅವು ಪೂರ್ತಿ ಸಿಕ್ಕಿಕೊಂಡಾಗ ಮಾತ್ರ ಹೊರಗಿನ ಹಿಡಿ ಕೆಳಗಿಳಿದು ಬೀಗದ ಪಿನ್ನುಗಳು ಮುಂದೆ ಸರಿಯಬೇಕು. ಕೊಂಡಿ ಅರೆಬರೆ ಸಿಕ್ಕಿದ್ದರೆ ಪಿನ್ನುಗಳಿಗೆ ಅಡ್ಡ ಬಂದು ಹಿಡಿ ಇಳಿಯಲೇಬಾರದು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಟು. ಆದರೆ ಹಿಡಿಗೂ ಪಿನ್ನಿಗೂ ನಡುವಿನ ಕೊಳವೆ ಎಷ್ಟು ದುರ್ಬಲವಾಗಿತ್ತೆಂದರೆ, ಬಲವಂತ ಮಾಡಿದರೆ ಪಿನ್ನು ಸರಿಯುವ ಬದಲು ಕೊಳವೆಯೇ ಬಾಗಿ ಹಿಡಿ ಇಳಿದುಬಿಡುತ್ತಿತ್ತು. ಗಾಳಿಕಿಂಡಿಯೂ ಮುಚ್ಚಿಕೊಳ್ಳುತ್ತಿತ್ತು, ಕಾಕ್‌ಪಿಟ್‌ನ ಎಚ್ಚರಿಕೆಯ ದೀಪವೂ ಆರಿಹೋಗುತ್ತಿತ್ತು. ಬಾಗಿಲು ಭದ್ರವಾಗಿದೆಯೆಂದು ಸಾರುವ ಎಲ್ಲ ಗುರುತುಗಳೂ ಒಟ್ಟಾಗಿ ಸುಳ್ಳು ಹೇಳಬಲ್ಲವಾಗಿದ್ದವು.

ಇದು ತಯಾರಕರಿಗೆ ತಿಳಿಯದ ಸಂಗತಿಯೆ? ಅಲ್ಲ. 1970ರಲ್ಲಿ, ವಿಮಾನ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ, ನೆಲದ ಮೇಲೆ ಒತ್ತಡ ತುಂಬಿ ನೋಡುತ್ತಿದ್ದ ವೇಳೆ ಸರಕು ಬಾಗಿಲೊಂದು ಹಾರಿ ತೆರೆದುಕೊಂಡು ಒಳಗಿನ ನೆಲ ಕುಸಿದಿತ್ತು. 1972ರ ಜೂನ್ 12ರಂದು ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ಡೆಟ್ರಾಯಿಟ್‌ನಿಂದ ಹೊರಟು ಕೆನಡಾದ ವಿಂಡ್ಸರ್ ನಗರದ ಮೇಲೆ ಹಾರುತ್ತಿದ್ದಾಗ ಅದೇ ಹಿಂಬದಿಯ ಬಾಗಿಲು ಕಿತ್ತುಹೋಯಿತು. ಅಂದು ಹಿಂಭಾಗದಲ್ಲಿ ಹೆಚ್ಚು ಜನರಿರಲಿಲ್ಲ. ನೆಲ ಭಾಗಶಃ ಮಾತ್ರ ಕುಸಿಯಿತು. ಕ್ಯಾಪ್ಟನ್ ಬ್ರೈಸ್ ಮೆಕ್‌ಕಾರ್ಮಿಕ್, ನಿಯಂತ್ರಣಗಳು ಕೈಕೊಟ್ಟರೆ ಎಂಜಿನ್ನುಗಳ ವೇಗವನ್ನು ಹೆಚ್ಚು ಕಡಿಮೆ ಮಾಡಿಯೇ ವಿಮಾನ ನಡೆಸುವುದು ಹೇಗೆಂದು ಮೊದಲೇ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿದ್ದರು. ಆ ಮುಂದಾಲೋಚನೆಯಿಂದ 67 ಮಂದಿಯೂ ಬದುಕಿದರು. ಆ ಬಾಗಿಲನ್ನು ಮುಚ್ಚುವಾಗ ಹಿಡಿ ಸುಲಭವಾಗಿ ಇಳಿಯದೆ, ನೆಲದ ನೌಕರ ಮೊಣಕಾಲು ಊರಿ ಒತ್ತಿದ್ದ. ಅನುಮಾನ ಬಂದು ಮೆಕ್ಯಾನಿಕ್‌ಗೆ ಹೇಳಿಯೂ ಇದ್ದ. ಮೆಕ್ಯಾನಿಕ್ ನೋಡಿ ಸರಿಯಿದೆಯೆಂದ. ಇಬ್ಬರೂ ಆ ಬಾಗಿಲಿನ ಸುಳ್ಳನ್ನು ನಂಬಿದ್ದರು.

ವಿಂಡ್ಸರ್ ಘಟನೆ ಒಂದು ದೊಡ್ಡ ಎಚ್ಚರಿಕೆಯಾಗಬೇಕಿತ್ತು. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತ ಬಾಗಿಲು ಸರಿಪಡಿಸುವಂತೆ ಕಡ್ಡಾಯ ಆದೇಶ ಹೊರಡಿಸುವ ಸಿದ್ಧತೆಯಲ್ಲಿತ್ತು. ಆದರೆ ಅದರ ಮುಖ್ಯಸ್ಥ ಜಾನ್ ಶೇಫರ್ ಮತ್ತು ಡಗ್ಲಸ್ ವಿಭಾಗದ ಅಧ್ಯಕ್ಷ ಜ್ಯಾಕ್ಸನ್ ಮೆಕ್‌ಗೋವನ್ ದೂರವಾಣಿಯಲ್ಲಿ ಮಾತಾಡಿಕೊಂಡರು. ಕಡ್ಡಾಯ ಆದೇಶದ ಬದಲು ಕಂಪನಿ ತಾನೇ ವಿಮಾನ ಸಂಸ್ಥೆಗಳಿಗೆ ಸರ್ವಿಸ್ ಬುಲೆಟಿನ್ ಕಳಿಸಿ ದುರಸ್ತಿ ಮಾಡಿಸುವುದೆಂದು ಒಪ್ಪಂದವಾಯಿತು. ‘ಸಭ್ಯರ ಒಪ್ಪಂದ’ ಎಂದು ಅದು ಮುಂದೆ ಕುಪ್ರಸಿದ್ಧವಾಯಿತು. ಕಡ್ಡಾಯ ಆದೇಶ ಎಲ್ಲರ ಕಣ್ಣಿಗೆ ಬೀಳುತ್ತದೆ, ಗಡುವು ಹಾಕುತ್ತದೆ, ಲೆಕ್ಕ ಕೇಳುತ್ತದೆ. ಬುಲೆಟಿನ್ ಸಲಹೆ ಕೊಟ್ಟು ಸುಮ್ಮನಾಗುತ್ತದೆ.

ಅದೇ ತಿಂಗಳ 27ರಂದು, ವಿಂಡ್ಸರ್ ಘಟನೆಯ ಹದಿನೈದೇ ದಿನದಲ್ಲಿ, ಮತ್ತೊಂದು ಕಾಗದ ಹುಟ್ಟಿತು. ಡಿಸಿ-10ರ ಒಡಲನ್ನೂ ಬಾಗಿಲನ್ನೂ ಉಪಗುತ್ತಿಗೆಯಲ್ಲಿ ತಯಾರಿಸುತ್ತಿದ್ದ ಕಾನ್ವೇರ್ ಕಂಪನಿಯ ಹಿರಿಯ ಎಂಜಿನಿಯರ್ ಡಾನ್ ಆ್ಯಪಲ್‌ಗೇಟ್ ತಮ್ಮ ಮೇಲಧಿಕಾರಿಗೆ ಪತ್ರ ಬರೆದರು. ಮೊದಲು ಯೋಚಿಸಿದ್ದ ಹೈಡ್ರಾಲಿಕ್ ಏರ್ಪಾಟನ್ನು ತೂಕ ಉಳಿಸಲೆಂದು ಬಿಟ್ಟು ವಿದ್ಯುತ್ ಮೋಟಾರಿಗೆ ಹೋದದ್ದು ಬಾಗಿಲನ್ನು ಅಪಾಯಕ್ಕೆ ಹತ್ತಿರ ಮಾಡಿದೆ; ಹೈಡ್ರಾಲಿಕ್ ಕೊಂಡಿ ಸರಿಯಾಗಿ ಬೀಳದಿದ್ದರೆ ಕಡಿಮೆ ಒತ್ತಡದಲ್ಲೇ ಜಾರಿ ತೆರೆದು ಪ್ರಾಣಾಪಾಯ ತಪ್ಪಿಸುತ್ತಿತ್ತು; ಈಗಿನದು ಹಾಗೆ ಮಾಡದೆ ಒತ್ತಡ ಬೆಳೆಯುವ ತನಕ ಕಚ್ಚಿಕೊಂಡಿದ್ದು ಆಮೇಲೆ ಸಿಡಿಯುತ್ತದೆ; ಬಾಗಿಲು ಮತ್ತೆ ತೆರೆಯುವುದು, ನೆಲ ಕುಸಿದು ವಿಮಾನ ನಾಶವಾಗುವುದು ಕಾಲದ ಮಾತಷ್ಟೆ ಎಂಬುದು ಅವರ ಅಭಿಪ್ರಾಯದ ಸಾರ. ಮೇಲಧಿಕಾರಿಗಳು ಅದನ್ನು ಸುಳ್ಳೆನ್ನಲಿಲ್ಲ. ಆದರೆ ಈ ವಿಷಯ ಎತ್ತಿದರೆ ದುರಸ್ತಿಯ ಖರ್ಚು ತಮ್ಮ ತಲೆಗೆ ಬರಬಹುದೆಂದು ಲೆಕ್ಕ ಹಾಕಿದರು. ಪತ್ರ ಕಡತದಲ್ಲಿ ಉಳಿಯಿತು. ಹೊರಬಂದದ್ದು 346 ಮಂದಿ ಸತ್ತ ನಂತರ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತಲೂ ಕಾಡುತ್ತದೆ. ಕೊಳವೆ ಬಾಗದಂತೆ ತಡೆಯುವ ಒಂದು ಆಧಾರ ಫಲಕವನ್ನು ಕೂರಿಸುವುದು ವಿಂಡ್ಸರ್ ನಂತರದ ದುರಸ್ತಿಗಳಲ್ಲೊಂದು. ಓರ್ಲಿಯಿಂದ ಹೊರಟ ವಿಮಾನ ಆಗ ಇನ್ನೂ ಕಾರ್ಖಾನೆಯಲ್ಲೇ ಇತ್ತು; ಟರ್ಕಿಗೆ ಹಸ್ತಾಂತರವಾದದ್ದು 1972ರ ಡಿಸೆಂಬರಿನಲ್ಲಿ. ಫಲಕ ಕೂರಿಸಲಾಗಿದೆಯೆಂದು ಕಾರ್ಖಾನೆಯ ದಾಖಲೆಯಲ್ಲಿ ತಪಾಸಕರ ಮುದ್ರೆಗಳಿದ್ದವು. ಕಾಡಿನಿಂದ ಆಯ್ದು ತಂದ ಅವಶೇಷಗಳಲ್ಲಿ ಆ ಫಲಕವೇ ಇರಲಿಲ್ಲ. ಅದನ್ನು ಎಂದೂ ಕೂರಿಸಿರಲೇ ಇಲ್ಲ. ಸಾಲದೆಂಬಂತೆ ಪಿನ್ನುಗಳ ಜೋಡಣೆಯೂ ತಪ್ಪಾಗಿ, ಹಿಡಿ ಇಳಿಸಲು ಬೇಕಾದ ಬಲ ಇನ್ನೂ ಕಡಿಮೆಯಾಗಿತ್ತು. ಡೆಟ್ರಾಯಿಟ್‌ನ ನೌಕರನಿಗೆ ಮೊಣಕಾಲು ಊರಬೇಕಾಯಿತು. ಅದರಿಂದಾದರೂ ಒಂದು ಅನುಮಾನ ಹುಟ್ಟಿತು. ಓರ್ಲಿಯ ನೌಕರನಿಗೆ ಆ ಅನುಮಾನಕ್ಕೂ ಅವಕಾಶವಿರಲಿಲ್ಲ.

ಈಗ ಹೇಳಿ, ಆ ಬಾಗಿಲಿಗೆ ಹೊಣೆ ಯಾರು? ವಿನ್ಯಾಸ ಮಾಡಿದವರಿಗೆ ಗೊತ್ತಿತ್ತು. ನಿಯಂತ್ರಿಸಬೇಕಾದವರಿಗೆ ಗೊತ್ತಿತ್ತು. ಉಪಗುತ್ತಿಗೆಯ ಕಂಪನಿಗೆ ಲಿಖಿತವಾಗಿ ಗೊತ್ತಿತ್ತು. ಏನೂ ಗೊತ್ತಿರದಿದ್ದವನು ಒಬ್ಬನೇ, ಬಾಗಿಲು ಮುಚ್ಚಿದವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಎಮ್ಮೆಗಾಗುವ ಅನ್ಯಾಯವನ್ನು ಮಾತ್ರ ಆ ಗಾದೆ ಹೇಳುತ್ತದೆಂದು ನಾವು ಭಾವಿಸುತ್ತೇವೆ. ಎತ್ತಿನ ಜ್ವರ ಹಾಗೆಯೇ ಉಳಿಯಿತೆಂಬುದನ್ನೂ ಅದು ಹೇಳುತ್ತದೆ. ವಿಂಡ್ಸರ್ ಮತ್ತು ಎರ್ಮನೋನ್‌ವಿಲ್ ನಡುವಿನ ಇಪ್ಪತ್ತೊಂದು ತಿಂಗಳು ಆ ಜ್ವರ ಉಳಿದದ್ದರ ಲೆಕ್ಕ. ದುರಂತದ ನಂತರವಷ್ಟೇ ಬಾಗಿಲುಗಳ ಬದಲಾವಣೆ ಕಡ್ಡಾಯವಾಯಿತು; ದೊಡ್ಡ ವಿಮಾನಗಳ ನೆಲ ಕುಸಿಯದಂತೆ ಗಾಳಿ ಹಾಯುವ ದಾರಿಗಳೂ ಬಂದವು.

ಪಾಠ ಅಲ್ಲಿಗೆ ಮುಗಿಯಲಿಲ್ಲ. 1989ರ ಫೆಬ್ರುವರಿ 24ರಂದು ಹೊನೊಲುಲುವಿನಿಂದ ಹೊರಟ ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 747ರ ಮುಂಭಾಗದ ಸರಕು ಬಾಗಿಲು ಸಮುದ್ರದ ಮೇಲೆ ಕಿತ್ತುಹೋಗಿ ಒಂಬತ್ತು ಪ್ರಯಾಣಿಕರು ಹೊರಗೆಸೆಯಲ್ಪಟ್ಟರು. ಎರಡು ವರ್ಷ ಮೊದಲೇ ಪ್ಯಾನ್ ಆ್ಯಮ್‌ನ 747 ಒಂದರಲ್ಲಿ ಬಾಗಿಲು ಹಾರಾಟದ ನಡುವೆ ಸಡಿಲವಾಗಿತ್ತು. ಬೀಗದ ಭಾಗಗಳನ್ನು ಬಲಪಡಿಸಲು ವಿಮಾನ ಸಂಸ್ಥೆಗಳಿಗೆ ಧಾರಾಳ ಕಾಲಾವಕಾಶ ಕೊಡಲಾಗಿತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಮೊದಲ ವರದಿ ವಿನ್ಯಾಸದ ಕೊರತೆಯನ್ನು ಗುರುತಿಸಿದರೂ, ಬಾಗಿಲಿನ ಕೊಂಡಿ ಸರಿಯಾಗಿ ಬೀಳದೆಯೇ ವಿಮಾನ ಹೊರಟಿತ್ತೆಂದು ತೀರ್ಮಾನಿಸಿತು. ಮೃತರಲ್ಲೊಬ್ಬನಾದ ಯುವಕನ ನ್ಯೂಜಿಲೆಂಡಿನ ತಂದೆತಾಯಿಗಳು ಅದನ್ನು ಒಪ್ಪಲಿಲ್ಲ. ದಾಖಲೆಗಳನ್ನು ತಾವೇ ಕಲೆಹಾಕಿ ಓದಿ, ಕೊಂಡಿಗಳು ಸರಿಯಾಗಿಯೇ ಬಿದ್ದಿದ್ದವು, ವಿದ್ಯುತ್ ದೋಷದಿಂದ ಮೋಟಾರು ಅವನ್ನು ಹಿಂದಕ್ಕೆ ತಿರುಗಿಸಿತೆಂದು ವಾದಿಸಿದರು. 1990ರಲ್ಲಿ ಹದಿನಾಲ್ಕು ಸಾವಿರ ಅಡಿಗೂ ಹೆಚ್ಚು ಆಳದ ಸಮುದ್ರತಳದಿಂದ ಬಾಗಿಲನ್ನು ಮೇಲೆತ್ತಲಾಯಿತು. 1992ರಲ್ಲಿ ಮಂಡಳಿ ತನ್ನ ತೀರ್ಮಾನವನ್ನೇ ತಿದ್ದಿಕೊಂಡಿತು: ಸ್ವಿಚ್ ಅಥವಾ ವಯರಿಂಗ್‌ನ ದೋಷದಿಂದ, ಮುಚ್ಚಿದ ಬಾಗಿಲಿನ ಕೊಂಡಿ ತಾನಾಗಿ ಬಿಚ್ಚಿಕೊಂಡಿತ್ತು. ಮಗನನ್ನು ಕಳೆದುಕೊಂಡ ದಂಪತಿ ಯಾರೋ ಒಬ್ಬರಿಗೆ ಶಿಕ್ಷೆಯಾದರೆ ಸಾಕೆಂದು ಸುಮ್ಮನಾಗಲಿಲ್ಲ. ಕಾರಣ ತಿಳಿಯುವ ತನಕ ಬಿಡಲಿಲ್ಲ. ಅಂಥ ಹಟ ನಮಗೆ ಬೇಕಾಗಿದೆ.

ಇದೆಲ್ಲ ಹಳೆಯ ಕಾಲದ ಕಥೆ ಎನ್ನುವವರು 2024ರ ಜನವರಿ 5ನ್ನು ನೆನೆಯಬೇಕು. ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 9 ಪೋರ್ಟ್‌ಲ್ಯಾಂಡ್‌ನಿಂದ ಏರುತ್ತಿದ್ದಾಗ ಬಾಗಿಲಿನ ಜಾಗವನ್ನು ಮುಚ್ಚಿದ್ದ ಫಲಕ ಹಾರಿಹೋಯಿತು. ಅದು ಸರಕು ಬಾಗಿಲಲ್ಲ. ಪುಣ್ಯಕ್ಕೆ ಪ್ರಾಣಹಾನಿಯೂ ಆಗಲಿಲ್ಲ. ಆದರೆ ಕಾರಣ ಹಳೆಯದರ ನೆಂಟ. ಕಾರ್ಖಾನೆಯಲ್ಲಿ ದುರಸ್ತಿಗೆಂದು ಫಲಕ ಬಿಚ್ಚಿದವರು ಅದರ ನಾಲ್ಕು ಬೋಲ್ಟುಗಳನ್ನು ಮತ್ತೆ ಹಾಕಿರಲಿಲ್ಲ. ಬಿಚ್ಚಿದ್ದಕ್ಕೆ ದಾಖಲೆಯೂ ಇರಲಿಲ್ಲ. 1972ರಲ್ಲಿ ಮಾಡದ ಕೆಲಸಕ್ಕೆ ಮುದ್ರೆ ಬಿದ್ದಿತ್ತು. 2023ರಲ್ಲಿ ಮಾಡಿದ ಕೆಲಸಕ್ಕೆ ಕಾಗದವೇ ಇರಲಿಲ್ಲ. ಇಲ್ಲಿ ಒಂದು ಒಳ್ಳೆಯ ಬದಲಾವಣೆಯನ್ನೂ ಕಾಣಬೇಕು. 2025ರ ಜೂನ್‌ನಲ್ಲಿ ಸುರಕ್ಷತಾ ಮಂಡಳಿ ತನ್ನ ತೀರ್ಮಾನ ನೀಡಿದಾಗ ಯಾವುದೇ ಒಬ್ಬ ಕಾರ್ಮಿಕನತ್ತ ಬೆರಳು ಮಾಡಲಿಲ್ಲ. ಕಾರ್ಮಿಕರಿಗೆ ತಕ್ಕ ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಒದಗಿಸದ ಕಂಪನಿಯ ವೈಫಲ್ಯವನ್ನು ಹೆಸರಿಸಿತು.

ಹಾಗಾದರೆ ನೆಲದ ಸಿಬ್ಬಂದಿಗೆ ಯಾವ ಹೊಣೆಯೂ ಇಲ್ಲವೆ? ಖಂಡಿತ ಇದೆ. ವಿಮಾನ ನೆಲ ಬಿಡುವ ಮುನ್ನ ಅದನ್ನು ಕಣ್ಣಾರೆ ನೋಡುವ, ಕೈಯಾರೆ ಮುಟ್ಟುವ ಕೊನೆಯ ಮನುಷ್ಯರು ಅವರು. ಸುಲಭವಾಗಿ ಇಳಿಯಬೇಕಾದ ಹಿಡಿ ಇಳಿಯದಿದ್ದರೆ ಬಲ ಪ್ರಯೋಗಿಸದೆ ನಿಲ್ಲುವುದು, ಬಾಗಿಲಿಗೆ ಸಾಮಾನಿನ ಗಾಡಿ ತಗುಲಿದರೆ ಮುಚ್ಚಿಡದೆ ಹೇಳುವುದು ಅವರ ಕರ್ತವ್ಯ. ಅವರನ್ನು ಅಮಾಯಕರೆಂದು ಬಗೆದು ಕನಿಕರ ತೋರುವುದೂ ಅವರ ಕೆಲಸಕ್ಕೆ ಮಾಡುವ ಅವಮಾನವೇ. ನನ್ನ ವಾದ ಇಷ್ಟೆ: ಹೊಣೆ ಹೊರಿಸುವುದಾದರೆ ಆ ಹೊಣೆಗೆ ಬೇಕಾದ ತಿಳಿವಳಿಕೆಯನ್ನೂ ಅಧಿಕಾರವನ್ನೂ ಕೊಡಬೇಕು. ‘ಈ ಬಾಗಿಲು ನನಗೆ ಸರಿಕಾಣುತ್ತಿಲ್ಲ, ವಿಮಾನ ನಿಲ್ಲಿಸಿ’ ಎಂದು ಹೇಳಿದ ನೌಕರನ ಮಾತಿಗೆ ವಿಮಾನ ನಿಲ್ಲುವಂತಿದ್ದರೆ, ತಡವಾದುದಕ್ಕೆ ಅವನ ಸಂಬಳಕ್ಕೆ ಕತ್ತರಿ ಬೀಳದಿದ್ದರೆ, ಆಗ ಅವನನ್ನು ಹೊಣೆಗಾರನೆನ್ನಬಹುದು. ಇಲ್ಲದಿದ್ದರೆ ಹೊರೆ ಹೊರುವವನ ತಲೆಗೆ ಬೇರೆಯವರ ಹೊಣೆಯನ್ನೂ ಹೇರಿದಂತಾಗುತ್ತದೆ.

ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. ನಮ್ಮ ವಿಮಾನ ನಿಲ್ದಾಣಗಳಲ್ಲೂ ಸಾಮಾನು ಏರಿಸಿ ಇಳಿಸುವ ಕೆಲಸ ಬಹಳಷ್ಟು ಗುತ್ತಿಗೆ ಕಂಪನಿಗಳ ಕೈಯಲ್ಲಿದೆ. 2021ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಸಾಮಾನು ತುಂಬಿದ ನೌಕರನೊಬ್ಬ ಸರಕು ಕೋಣೆಯಲ್ಲೇ ನಿದ್ದೆಹೋಗಿ, ಬಾಗಿಲು ಮುಚ್ಚಿ, ಅಬುಧಾಬಿಯಲ್ಲಿ ಪತ್ತೆಯಾದ. ಅವನು ಬದುಕಿ ಬಂದದ್ದರಿಂದ ಅದು ನಗೆಯ ಸುದ್ದಿಯಾಗಿ ಮರೆಯಾಯಿತು. ನಾನು ಅದರಲ್ಲಿ ಎರಡು ಪ್ರಶ್ನೆ ಕಾಣುತ್ತೇನೆ. ಚೀಲಗಳ ನಡುವೆ ನಿದ್ದೆ ಬರುವಷ್ಟು ಒಬ್ಬ ಮನುಷ್ಯ ಏಕೆ ದಣಿದಿದ್ದ? ಬಾಗಿಲು ಮುಚ್ಚುವ ಮುನ್ನ ಒಳಗೊಮ್ಮೆ ಇಣುಕುವುದು ಯಾರ ಕೆಲಸವಾಗಿತ್ತು? ಓರ್ಲಿಯ ಇಣುಕುಕಿಂಡಿಯ ಪ್ರಶ್ನೆಯೂ ಇದೇ ಆಗಿತ್ತು.

ಮಾಡಬೇಕಾದದ್ದು ಅಸಾಧ್ಯವಾದದ್ದೇನಲ್ಲ. ವಿಮಾನದ ಮೈಮೇಲಿನ ಸೂಚನೆಗಳು ಇಂಗ್ಲಿಷಿನಲ್ಲೇ ಇರುತ್ತವೆ. ಅವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಆ ಸೂಚನೆಗಳ ಅರ್ಥವನ್ನು, ಅದಕ್ಕಿಂತ ಮುಖ್ಯವಾಗಿ ಅವುಗಳ ಹಿಂದಿನ ಕಾರಣವನ್ನು, ಬೆಂಗಳೂರಿನಲ್ಲಿ ಕನ್ನಡ, ಹಿಂದಿ, ಒಡಿಯಾ ಹೀಗೆ ಕೆಲಸಗಾರನಿಗೆ ಬರುವ ಭಾಷೆಯಲ್ಲಿ ಕಲಿಸುವುದು ನಮ್ಮ ಕೈಯಲ್ಲಿದೆ. ಹಿಡಿಯನ್ನು ಏಕೆ ಬಲವಂತವಾಗಿ ಇಳಿಸಬಾರದೆಂದು ತಿಳಿದವನು ಇಳಿಸುವುದಿಲ್ಲ. ಬಾಗಿಲಿನ ಕೊನೆಯ ತಪಾಸಣೆ ಯಾರದೆಂಬುದು ಹೆಸರು ಸಹಿತ ಸ್ಪಷ್ಟವಾಗಿರಬೇಕು. ಇಬ್ಬರಲ್ಲಿ ಯಾರಾದರೊಬ್ಬರು ನೋಡಲಿ ಎಂದಾಗ ಯಾರೂ ನೋಡುವುದಿಲ್ಲ. ತಪ್ಪನ್ನು ತಾನಾಗಿ ಒಪ್ಪಿ ತಿಳಿಸಿದವನನ್ನು ಶಿಕ್ಷಿಸದಿರುವ ಪದ್ಧತಿ ಗುತ್ತಿಗೆ ನೌಕರನವರೆಗೂ ತಲುಪಬೇಕು. ಸಣ್ಣ ಘಟನೆಗಳ ತನಿಖೆಯೂ ದೊಡ್ಡ ದುರಂತದ್ದರಷ್ಟೇ ಗಂಭೀರವಾಗಿ ನಡೆದು ಸಾರ್ವಜನಿಕರಿಗೆ ಸಿಗಬೇಕು. ವಿಂಡ್ಸರ್‌ನಲ್ಲಿ ಯಾರೂ ಸಾಯಲಿಲ್ಲ ಎಂಬುದೇ ಎರ್ಮನೋನ್‌ವಿಲ್‌ನ 346 ಮಂದಿಗೆ ಮುಳುವಾಯಿತು.

ದೇವನಹಳ್ಳಿಯಲ್ಲಿ ವಿಮಾನದ ಕಿಟಕಿಯ ಬಳಿ ಕೂತಾಗ, ಕೆಳಗೆ ಹೊಳೆಯುವ ಅಂಗಿ ತೊಟ್ಟ ಕೆಲಸಗಾರರು ಕೊನೆಯ ಪೆಟ್ಟಿಗೆ ತುಂಬಿ ಬಾಗಿಲೆಳೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೊದಲೆಲ್ಲ ನನ್ನ ಪೆಟ್ಟಿಗೆಯನ್ನು ಎಸೆದರೋ ಏನೋ ಎಂಬುದಷ್ಟೇ ನನ್ನ ಚಿಂತೆಯಾಗಿತ್ತು. ಈಗ ಅವರಿಗೆ ಆ ಬಾಗಿಲಿನ ಬಗ್ಗೆ ಏನೇನು ಹೇಳಿಕೊಟ್ಟಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ ಎಂದು ಯೋಚಿಸುತ್ತೇನೆ. ಬಾಗಿಲು ಮುಚ್ಚಿದ ಕೈಯನ್ನು ನಾವು ಸುಲಭವಾಗಿ ಹಿಡಿಯಬಲ್ಲೆವು, ಅದು ಕಣ್ಣೆದುರಿಗಿದೆ. ಬಾಗಿಲಿನ ದೋಷ ಗೊತ್ತಿದ್ದೂ ಸುಮ್ಮನಿದ್ದ ಕೈಗಳು ಕಚೇರಿಗಳಲ್ಲಿವೆ. ಮುಂದಿನ ದುರಂತವನ್ನು ತಡೆಯುವ ಶಕ್ತಿ ಇರುವುದು ಆ ಕೈಗಳಿಗೇ ಆದ್ದರಿಂದ, ಮೊದಲ ಪ್ರಶ್ನೆಯನ್ನೂ ನಾವು ಅವರಿಗೇ ಕೇಳಬೇಕು.